ವಸಂತಣ್ಣನ ಬಿಳಿ ನಂಬರ್ ಪ್ಲೇಟಿನ ಕಾರು

ಮುಂಬೈ ಹತ್ತಿರದ ಡೊಂಬಿವಲಿಯ ವಸಂತಕುಮಾರರ ಕಾರು ಮೂರು ವರ್ಷದಿಂದ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಹೊದಿಕೆ ಹೊದ್ದು ನಿಂತಿತ್ತು. ಅದನ್ನು ಓಡಿಸುತ್ತಿದ್ದವರು ಹೆಂಡತಿ ರತ್ನಾವತಿ. ವಸಂತಣ್ಣನಿಗೆ ಸ್ಟೇರಿಂಗ್ ಹಿಡಿದೇ ಗೊತ್ತಿಲ್ಲ. ರತ್ನಾವತಿ ತೀರಿಕೊಂಡ ಮೇಲೆ ಪ್ರತಿ ಭಾನುವಾರ ಗಾಜು ಒರೆಸಿ, ತನ್ನ ಹಳೇ ಜಾಗವಾದ ಎಡಗಡೆ ಸೀಟಿನಲ್ಲಿ ಹತ್ತು ನಿಮಿಷ ಕೂತು ಬರುತ್ತಿದ್ದರು. ಮನೆಯಲ್ಲಿ ಟಿವಿ ಬಿಟ್ಟರೆ ಬೇರೆ ದನಿಯೇ ಇರಲಿಲ್ಲ.

2012ರಲ್ಲಿ ಮೇಲಿನ ಮಹಡಿಗೆ ಪೋಲೆಂಡಿನ ಯಾನ್ ಮತ್ತು ಹಾನ್ಯಾ ಬಂದರು. ಹತ್ತಿರದ ಶಾಲೆಯಲ್ಲಿ ಇಬ್ಬರಿಗೂ ಎರಡು ತಿಂಗಳ ಕೆಲಸ. ವಸಂತಣ್ಣನ ಕುಚ್ಚಲಕ್ಕಿ ಗಂಜಿಗೂ ಉಪ್ಪಿನಕಾಯಿಗೂ ಅವರು ಮನಸೋತರು. ದಿನಾ ರಾತ್ರಿ ಊಟಕ್ಕೆ ಮೂರು ತಟ್ಟೆ ಬೀಳತೊಡಗಿತು.

ಕೆಲಸ ಮುಗಿದಾಗ ಯಾನ್ ಕೇಳಿದ: "ಅಂಕಲ್, ಗೋಕರ್ಣದವರೆಗೆ ಹೋಗಿಬರಬೇಕು. ಎಲ್ಲ ಕಡೆ ಬಾಡಿಗೆ ದುಬಾರಿ. ನಿಮ್ಮ ಕಾರು ಕಡಿಮೆಗೆ ಕೊಡ್ತೀರಾ?"

ವಸಂತಣ್ಣ ಹಿಂದೆಮುಂದೆ ನೋಡದೆ ಒಪ್ಪಿಬಿಟ್ಟರು. ಮರುದಿನ ಬೆಳಿಗ್ಗೆ ಕೀಲಿ ಹಿಡಿದು ಹೊರಟವರಿಗೆ ಮೆಟ್ಟಿಲಲ್ಲಿ ಎದುರುಮನೆಯ ಊರ್ಮಿಳಾ ಸಿಕ್ಕಳು. ಕಲ್ಯಾಣದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು.

"ಎಂತ ವಸಂತಣ್ಣ, ಕೀಲಿ ಹಿಡ್ಕೊಂಡು ಸವಾರಿ ಎಲ್ಲಿಗೆ?"

ವಸಂತಣ್ಣ ವಿಷಯ ಹೇಳಿದರು. ಊರ್ಮಿಳಾ ಅಲ್ಲೇ ನಿಂತಳು.

"ಅವರ ಲೈಸೆನ್ಸ್ ನೋಡಿದ್ರಾ?"

"ಒಟ್ಟಿಗೆ ಕೂತು ಉಂಡವರ ಹತ್ರ ಕಾಗದ ಕೇಳುದಾ? ನಾಚಿಕೆ ಅಲ್ವಾ ಮಾರಾಯ್ತಿ?"

"ನಾಚಿಕೆ ಪೊಲೀಸರು ಹಿಡಿದಾಗ ಆಗ್ತದೆ. ಅವರ ದೇಶದ ಲೈಸೆನ್ಸ್ ಒಂದೇ ಸಾಲದು, ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಬೇಕು. ಅದನ್ನು ಅವರ ಊರಲ್ಲೇ ಮಾಡಿಸಿ ತರಬೇಕು. ಮತ್ತೆ ನಿಮ್ಮದು ಬಿಳಿ ನಂಬರ್ ಪ್ಲೇಟ್. ಮನೆ ಬಳಕೆಯ ಕಾರು. ಬಾಡಿಗೆಗೆ ಕೊಡುವ ಹಾಗಿಲ್ಲ. ಘಾಟಿಯಲ್ಲಿ ಯಾರಿಗಾದರೂ ತಾಗಿದರೆ ಇನ್ಶುರೆನ್ಸ್‌ನವರು ಕೈ ಎತ್ತಬಹುದು. ಆಮೇಲೆ ಕೋರ್ಟಿಗೆ ನೀವೇ ಅಲೆಯಬೇಕು."

"ಬಾಡಿಗೆ ಬೇಡ, ಸುಮ್ಮನೆ ಕೊಡ್ತೇನೆ."

"ಪರ್ಮಿಟ್ ಇಲ್ಲದೆ ಸುಮ್ಮನೆ ಕೊಟ್ಟರೂ ತಪ್ಪೇ. ಅಷ್ಟು ಯಾಕೆ ಹಟ ನಿಮಗೆ?"

ವಸಂತಣ್ಣ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಕಾರು ಕೊಟ್ಟರೆ, ಅದನ್ನು ಬಿಟ್ಟುಹೋಗುದಕ್ಕಾದರೂ ವಾಪಸ್ ಬರ್ತಾರಲ್ಲ ಊರ್ಮಿಳಾ. ಇಲ್ಲದಿದ್ದರೆ ಅಲ್ಲೇ ಹತ್ತಿರದ ಗೋವಾದಿಂದ ವಿಮಾನ ಹತ್ತಿ ಹೋದಾರು."

ಊರ್ಮಿಳಾ ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಮೂರು ವರ್ಷ ಎದುರುಮನೆಯಲ್ಲೇ ಇದ್ದೂ ತಾನು ಒಂದು ದಿನವೂ ಆ ಬಾಗಿಲು ತಟ್ಟಿರಲಿಲ್ಲ.

"ಹಾಗಾದರೆ ಕಾರಿನ ಬದಲು ಒಂದು ಡಬ್ಬಿ ಕೊಡಿ," ಅಂದಳು. "ಚಕ್ಕುಲಿ ತುಂಬಿಸಿ. ನಮ್ಮಲ್ಲಿ ಡಬ್ಬಿ ವಾಪಸ್ ಕೊಡಲೇಬೇಕು, ಅದೂ ಖಾಲಿ ಕೊಡುವ ಕ್ರಮ ಇಲ್ಲ ಅಂತ ನಾನೇ ಹೇಳ್ತೇನೆ."

ಕೇಳಿ ನೋಡಿದರೆ ಯಾನ್, ಹಾನ್ಯಾ ಇಬ್ಬರ ಹತ್ತಿರವೂ ಪರ್ಮಿಟ್ ಇರಲಿಲ್ಲ. ಊರ್ಮಿಳಾ ಬಾಡಿಗೆ ಪರವಾನಗಿ ಇರುವ, ಹಳದಿ ಪ್ಲೇಟಿನ ಸಣ್ಣ ಟೂರಿಸ್ಟ್ ಟ್ಯಾಕ್ಸಿಯನ್ನು ಡ್ರೈವರ್ ಸಮೇತ ಗೊತ್ತು ಮಾಡಿಕೊಟ್ಟಳು. ಶಾಲೆಯ ಇನ್ನಿಬ್ಬರು ಜೊತೆಗೂಡಿದ್ದರಿಂದ ಖರ್ಚು ನಾಲ್ಕು ಪಾಲಾಯಿತು. ರತ್ನಾವತಿಯ ಸ್ಟೀಲ್ ಡಬ್ಬಿ ಹಾನ್ಯಾಳ ಮಡಿಲಲ್ಲಿ ಕೂತು ಹೊರಟಿತು.

ಆಮೇಲಿನ ಹದಿನಾಲ್ಕು ದಿನ ವಸಂತಣ್ಣ ಒಂದೇ ತಟ್ಟೆ ತೊಳೆದರು. ಹದಿನೈದನೆಯ ದಿನ ಬೆಲ್ ಆಯಿತು. ಬಾಗಿಲಲ್ಲಿ ಯಾನ್ ಮತ್ತು ಹಾನ್ಯಾ, ಡಬ್ಬಿಯ ತುಂಬ ಗೋಡಂಬಿ. ಮಾರನೆಯ ದಿನ ಇಬ್ಬರೂ ತಮ್ಮ ದೇಶಕ್ಕೆ ಹೋದರು. ಸಂಜೆ ವಸಂತಣ್ಣ ಅದೇ ಡಬ್ಬಿಗೆ ಚಕ್ಕುಲಿ ತುಂಬಿ ಎದುರುಮನೆಯ ಬೆಲ್ ಒತ್ತಿದರು.

ಅಕ್ಕ, ಅಣ್ಣಂದಿರೇ, ಮನೆಯ ಕಾರನ್ನು ಬಾಡಿಗೆಗೆ ಕೊಡಬೇಡಿ. ವಿದೇಶದ ಅತಿಥಿಗಳು ಕಾರು ಓಡಿಸುತ್ತೇವೆ ಅಂದರೆ ಮೊದಲು ಪರ್ಮಿಟ್ ಕೇಳಿ, ಬಾಡಿಗೆ ಪರವಾನಗಿ ಇರುವ ಗಾಡಿಯನ್ನೇ ಕೊಡಿಸಿ. ಎದುರುಮನೆಯಲ್ಲಿ ಒಂದೇ ತಟ್ಟೆ ತೊಳೆಯುವವರು ಯಾರಾದರೂ ಇದ್ದಾರೆಯೇ? ಇವತ್ತೇ ಹೋಗಿ ಬಾಗಿಲು ತಟ್ಟಿ. ಕೈಯಲ್ಲೊಂದು ಡಬ್ಬಿ ಇರಲಿ.