ಅತ್ತೆಯ ನೆಲ, ಸೊಸೆಯ ವರದಿ

ಹೆಮ್ಮೆಪಡುವ ವಿಷಯದಲ್ಲಿ ನನಗೆ ಸಂಕೋಚವಿಲ್ಲ. ನಮ್ಮ ಕ್ಲಿನಿಕ್ಕಿನ ವಿನೈಲ್ ಹಾಸಿನ ನೆಲ ಹದಿನೆಂಟು ವರ್ಷ ನನ್ನೊಬ್ಬಳ ಕೈಯಲ್ಲಿದ್ದದ್ದು. ಬಗ್ಗಿದರೆ ಮುಖ ಕಾಣಬೇಕು, ಹಾಗಿಟ್ಟಿದ್ದೆ. ರೋಗಿಗಳು ಅದನ್ನು ನೋಡಿಯೇ ಇನ್ನೊಮ್ಮೆ ಕಾಲೊರೆಸಿಕೊಂಡು ಒಳಗೆ ಬರುತ್ತಿದ್ದರು. ಡಾಕ್ಟರು ಅತಿಥಿಗಳಿಗೆ ಯಂತ್ರಗಳಿಗಿಂತ ಮೊದಲು ನೆಲವನ್ನೇ ತೋರಿಸುತ್ತಿದ್ದರು. ಪ್ರತಿ ಭಾನುವಾರ ಒಂದು ಕೈ ಪಾಲಿಶ್, ಅದೇ ನನ್ನ ಗುಟ್ಟು. ನನ್ನ ಕೆಲಸದ ಕಡೆ ಒಬ್ಬರೂ ಬೊಟ್ಟು ಮಾಡಿದ್ದಿಲ್ಲ.

ಮಾಡಿದವಳು ನನ್ನ ಸೊಸೆ. ಅವಳು ಅಲ್ಲೇ ಲ್ಯಾಬಿಗೆ ಸೇರಿ ಎರಡು ತಿಂಗಳಾಗಿತ್ತು. ಇನ್ನೊಂದು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದಿದ್ದರು. ಅಷ್ಟರಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಕಾಲಿನ ಗಾಯದಲ್ಲಿ ಎರಡನೇ ಸಲ ಕೀವಾಯಿತು. ಡ್ರೆಸ್ಸಿಂಗ್ ಕೋಣೆಯನ್ನು ಪೂರ್ತಿ ಪರೀಕ್ಷಿಸಿ ಎಂದು ಡಾಕ್ಟರು ಹೇಳಿದರು. ಸೊಸೆ ಹತ್ತಿಕಡ್ಡಿಯಿಂದ ಟೇಬಲ್ಲು, ನಲ್ಲಿ, ನೆಲ ಎಲ್ಲವನ್ನೂ ಒರೆಸಿ, ಕ್ರಿಮಿ ಬೆಳೆಯುತ್ತದೋ ನೋಡಲು ಲ್ಯಾಬಿಗೆ ಒಯ್ದಳು. ನಾಲ್ಕು ದಿನ ಬಿಟ್ಟು ಸಂಜೆ ನನ್ನ ಹತ್ತಿರ ಬಂದು ನಿಂತಳು.

"ಅತ್ತೆ, ಟೇಬಲ್ಲು, ನಲ್ಲಿ ಎಲ್ಲಾ ಚೆನ್ನಾಗಿದೆ. ನೆಲದಲ್ಲಿ ಮಾತ್ರ ಕ್ರಿಮಿ ಬೆಳೆದಿದೆ. ಕಿಟಕಿ ಕಡೆ ಮೂಲೇಲಿ. ನಾಳೆ ವರದಿ ಕೊಡ್ಬೇಕು."

ಮೈಯೆಲ್ಲ ಉರಿದುಹೋಯಿತು. "ನೀನೇ ಕೈ ತೊಳೆದಿರಲ್ಲ, ನನ್ನ ನೆಲಕ್ಕೆ ಹೆಸರಿಡ್ತೀಯಾ?"

"ಎರಡು ಸಲ ಮಾಡಿ ನೋಡಿದೀನಿ. ಬೈಯೋದನ್ನ ಮನೇಲಿ ಇಟ್ಕೊಳ್ಳೋಣ. ಈಗ ಬನ್ನಿ, ಮೂಲೆ ನೋಡೋಣ." ಹುಡುಗಿ ಎಳ್ಳಷ್ಟೂ ಜಗ್ಗಲಿಲ್ಲ.

ತಪ್ಪು ಅವಳದೇ ಎಂದು ತೋರಿಸಿಬಿಡುವ ಹಟದಲ್ಲಿ ನಾನೇ ಚಪ್ಪಟೆ ಅಲಗು ಹಿಡಿದು ಆ ಮೂಲೆ ಕೆರೆದೆ. ಹಳದಿ ಸಿಪ್ಪೆಯೊಂದು ಸುರುಳಿ ಸುತ್ತಿಕೊಂಡು ಎದ್ದು ಬಂತು. ಅದರ ಅಂಚಿನಲ್ಲಿ ಒಂದು ಹಳದಿ ಗೆರೆ, ಒಂದು ಕಪ್ಪು ಗೆರೆ, ಮತ್ತೆ ಹಳದಿ, ಮತ್ತೆ ಕಪ್ಪು. ಮಾಪು ಮೂಲೆಗೆ ತಳ್ಳಿದ ಕೊಳೆಯ ಮೇಲೆ ಪಾಲಿಶ್, ಅದರ ಮೇಲೆ ಮುಂದಿನ ವಾರದ ಕೊಳೆ, ಮತ್ತೆ ಪಾಲಿಶ್. ನಾನು ಹಾಕುತ್ತಿದ್ದ ಕ್ರಿಮಿ ಕೊಲ್ಲುವ ಔಷಧವೆಲ್ಲ ಮೇಲೆ ಮೇಲೆ ಜಾರಿ ಹೋಗುತ್ತಿತ್ತು, ಕೊಳೆ ಒಳಗೆ ಹಾಯಾಗಿತ್ತು. ಡ್ರೆಸ್ಸಿಂಗ್ ಬಿಚ್ಚಿದ ಮೇಲೆ ಆ ಪೋಸ್ಟ್‌ಮ್ಯಾನ್ ಬರಿಗಾಲಲ್ಲಿ ಆ ಮೂಲೆಯ ತೂಕದ ಯಂತ್ರದವರೆಗೆ ನಡೆಯುವುದನ್ನು ನಾನೇ ನೋಡಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಿಪ್ಪೆಯನ್ನು ಕಾಗದದಲ್ಲಿ ಮಡಿಸಿ ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ.

ಮರುದಿನ ಬೆಳಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿ ವರದಿಯನ್ನು ಪಕ್ಕಕ್ಕೆ ಎಸೆದರು. "ಈ ನೆಲದಲ್ಲಿ ಕ್ರಿಮಿನಾ? ಹೇಗೆ ಹೊಳೀತಿದೆ, ಕಣ್ಣಿಗೇ ಕಾಣಲ್ವಾ? ಪರೀಕ್ಷೆನೇ ಸರಿಯಾಗಿ ಮಾಡಿಲ್ಲ. ಇಂಥವರನ್ನ ಖಾಯಂ ಮಾಡ್ಕೊಂಡು ಲ್ಯಾಬ್ ಹೇಗೆ ನಡೆಸ್ಲಿ?"

ಸೊಸೆ ಬಿಳಿಚಿಕೊಂಡಳು. ಆದರೆ ನನ್ನ ಕಡೆ ತಿರುಗಿ ನೋಡಲಿಲ್ಲ, ಸಿಪ್ಪೆಯ ಸುದ್ದಿ ಎತ್ತಲಿಲ್ಲ. "ವರದಿ ಸರಿಯಾಗಿದೆ ಡಾಕ್ಟ್ರೇ" ಎಂದಳು, ಅಷ್ಟೆ. ನಾನು ಬಾಯಿ ಬಿಡದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕಾಗದ ಬಿಚ್ಚಿ ಸಿಪ್ಪೆಯನ್ನು ಅವರ ಮೇಜಿನ ಮೇಲಿಟ್ಟೆ. "ಅವಳ ಪರೀಕ್ಷೆ ಸರಿಯಾಗೇ ಇದೆ. ಕೊಳೆ ಇದ್ದದ್ದು ನನ್ನ ಪಾಲಿಶ್ ಕೆಳಗೆ. ಹಾಕಿದೋಳೂ ನಾನೇ, ಕೀಳೋಳೂ ನಾನೇ. ಮೂರು ದಿನ ಆ ಕೋಣೆ ನನಗೆ ಬಿಟ್ಟುಕೊಡಿ."

ಪಾಲಿಶ್ ಕರಗಿಸುವ ದ್ರಾವಣ ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದೆ. ಗಟ್ಟಿ ಬ್ರಷ್ಷಾದರೆ ವಿನೈಲ್ ಮೇಲೆ ಗೀರು ಬಿದ್ದು, ಆ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತದೆ. ಎರಡು ಸಲ ಬರೀ ನೀರಲ್ಲಿ ತೊಳೆದೆ. ಕ್ರಿಮಿನಾಶಕ ಹಾಕಿ, ಬಾಟಲಿಯ ಮೇಲೆ ಬರೆದಂತೆ ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಲಿ ಎಂದು ಗಡಿಯಾರ ನೋಡುತ್ತ ಕೂತೆ. ಹಾಗೆ ಕೂರುವುದೇ ಕಷ್ಟ, ಒರೆಸಿಬಿಡೋಣ ಎಂದು ಕೈ ತುರಿಸುತ್ತದೆ. ಕೊನೆಗೆ ಉಳಿದದ್ದು ಮಂಕು ಬೂದು ನೆಲ. ಬಗ್ಗಿದರೂ ಅದರಲ್ಲಿ ಮುಖ ಕಾಣಲಿಲ್ಲ.

ಸೊಸೆ ಮತ್ತೆ ಅದೇ ಮೂಲೆ ಒರೆಸಿ ಪರೀಕ್ಷೆಗಿಟ್ಟಳು. ಈ ಸಲ ಏನೂ ಬೆಳೆಯಲಿಲ್ಲ. ಡಾಕ್ಟರು ಹೊಸ ವರದಿಯನ್ನು ನಿಧಾನವಾಗಿ ಓದಿ, ಸೊಸೆಯ ಹತ್ತಿರ ಕ್ಷಮೆ ಕೇಳಿ, ಅವಳ ಕೆಲಸ ಖಾಯಂ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇನ್ಮೇಲೆ ಪ್ರತಿ ತಿಂಗಳು ನೆಲದ ಪರೀಕ್ಷೆ ಆಗ್ಬೇಕು. ಆದ್ರೆ ನೀವಿಬ್ರೂ ಒಂದೇ ಮನೆಯವರು. ನಾಳೆ ಅತ್ತೆ ಅನ್ನೋ ಮುಲಾಜಿಗೆ ಇವಳು ಸುಮ್ಮನಿದ್ದುಬಿಟ್ರೆ? ಬೇರೆಯವರಿಗೆ ವಹಿಸೋಣ್ವಾ?"

ಹದಿನೆಂಟು ವರ್ಷ ಆ ನೆಲವನ್ನು ಹೊಗಳಿಸಿಕೊಂಡಾಗಲೂ ನನ್ನ ಎದೆ ಆ ಪ್ರಶ್ನೆಗೆ ಉತ್ತರ ಕೊಡುವಾಗ ಉಬ್ಬಿದಷ್ಟು ಉಬ್ಬಿರಲಿಲ್ಲ.

"ಮುಲಾಜಾ? ಇವಳಿಗಾ?" ಎಂದು ನಕ್ಕುಬಿಟ್ಟೆ. "ಅತ್ತೆ ಮುಖಕ್ಕೇ ನಿಮ್ಮ ನೆಲ ಕೊಳಕು ಅಂದೋಳು ಡಾಕ್ಟ್ರೇ ಇವಳು. ನನ್ನ ನೆಲ ಇವಳೇ ನೋಡ್ಲಿ."