ಕಸ ಗುಡಿಸದ ಯಂತ್ರ

ಶೇಡಬಾಳದ ನಮ್ಮ ಮನೆಯಲ್ಲಿ ಐವತ್ತು ವರ್ಷದ ಹಳೆಯ ವ್ಯಾಕ್ಯೂಮ್ ಕ್ಲೀನರ್ ಇದೆ. ಮಾವ ಮುಂಬೈಯಿಂದ ತಂದದ್ದು. ತಂದ ದಿನವೇ ಅದು ಇರುವೆಗಳ ಒಂದಿಡೀ ಸಾಲನ್ನು ನುಂಗಿತು. ನಾವು ಜೈನರು. ಅಷ್ಟು ಜೀವ ಹೋದುವಲ್ಲ ಎಂದು ಅತ್ತೆ ಅಂದು ಉಪವಾಸ ಮಾಡಿದರು. ಮರುದಿನದಿಂದ ಮತ್ತೆ ಮೆತ್ತನೆಯ ಕಸಬರಿಗೆಯೇ ಬಂತು.

ಆದರೂ ನನ್ನ ಗಂಡ ಭೂಪಾಲ ಪ್ರತಿ ವರ್ಷ ಪರ್ಯುಷಣ ಪರ್ವಕ್ಕೆ ಮೊದಲು ಅದರ ಮೋಟರು ಬಿಚ್ಚುತ್ತಾರೆ. ಧೂಳು ಒರೆಸಿ, ಮೋಟರಿನ ಕಾರ್ಬನ್ ಬ್ರಷ್ ತಿಕ್ಕಿ, ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟು, ಪೈಪನ್ನು ಗಾಳಿಯಲ್ಲಿ ಎತ್ತಿ ಹಿಡಿದು ಎರಡು ನಿಮಿಷ ಓಡಿಸುತ್ತಾರೆ. ಆಮೇಲೆ ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ಗುಡಿಸದ ಯಂತ್ರಕ್ಕೆ ಯಾಕಿಷ್ಟು ಸೇವೆ ಎಂದು ಕೇಳಿ ಕೇಳಿ ನನಗೇ ಸಾಕಾಗಿದೆ.

"ಸುಮ್ನ ಇಟ್ರ ಜಾಮ್ ಆಗ್ತೈತಿ," ಎನ್ನುತ್ತಾರೆ.

ಈ ಸಲ ಸುತ್ತಿದ ಬಟ್ಟೆ ಒಂದು ಕಡೆ ಜಾರಿತ್ತು; ಬಿಚ್ಚಿದಾಗ ಮೋಟರಿಗೆ ಗಾಳಿ ಹೋಗುವ ತೂತಿನಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡಿತ್ತು. ಮಣ್ಣು ಒಂದಿಷ್ಟು ಉದುರಿ, ಒಳಗೆ ಬಿಳಿ ಮರಿಹುಳುಗಳು ಹೊರಳುವುದು ಕಂಡಿತು. ಭೂಪಾಲ ಸ್ಕ್ರೂಡ್ರೈವರನ್ನು ಹಿಂದಕ್ಕೆಳೆದರು. ಕೆದರುವಂತಿಲ್ಲ, ಚಾಲೂ ಮಾಡುವಂತೆಯೂ ಇಲ್ಲ. ಕೊನೆಗೆ ಬಿಚ್ಚಿದ ಸ್ಕ್ರೂಗಳನ್ನೆಲ್ಲ ಮತ್ತೆ ಕೂಡಿಸಿ, ಅತ್ತೆಗೆ ವಿಷಯ ಹೇಳಿದರು.

ಅತ್ತೆ ಜಪಮಾಲೆಯಿಂದ ಕಣ್ಣೆತ್ತಲಿಲ್ಲ.

"ಐವತ್ತು ವರ್ಷಕ್ಕ ಯಾರಿಗರ ಉಪಯೋಗ ಆತು ನೋಡು," ಅಂದರು. "ಈ ಸಲ ಬಟ್ಟಿ ಸುತ್ತಬ್ಯಾಡ. ಅವಕ್ಕ ಗಾಳಿ ಬೇಕು."