ಬೊಟ್ಟಿಲ್ಲದ ಚಿತ್ರ

ಕಂಪ್ಲಿ ಗೌಡರ ಮನೆಯ ಒಳಗಿನಿಂದ ವಾಪಸು ಬಂದ ಚಿತ್ರಗಳನ್ನು ಮೈಲಾರಲಿಂಗಪ್ಪ ಪಡಸಾಲೆಯ ಕಂಬದ ಮರೆಗೆ ಹೋಗಿ ಒಂದೊಂದೇ ತೆಗೆದು ನೋಡಿದ. ತನ್ನವು ಹೋದ ಹಾಗೆಯೇ ಬಂದಿದ್ದವು. ತನ್ನ ಜೊತೆ ಅಂಗಡಿಗೆ ಚಿತ್ರ ಬರೆಯುವ ಪಕ್ಕೀರಪ್ಪನ ಒಂದು ಚಿತ್ರದ ಮೇಲೆ ಮಾತ್ರ, ಹೆಂಗಸಿನ ಹಣೆಯ ಜಾಗದಲ್ಲಿ, ಹಸಿ ಕುಂಕುಮದ ಬೊಟ್ಟು.

"ನಿಮ್ಮ ದುರುಗವ್ವ ಅಳತಿ ತಗೊಳ್ಳಾಕತ್ಯಾಳ. ನಾಳೆ ಅಂಗಡಿಗೆ ಬಂದು ಎಲ್ಲಾ ಹೇಳ್ತಾಳಂತ. ನೀವು ಹೊಂಡ್ರಿ," ಎಂದಳು ಚಿತ್ರ ತಂದ ಆಳುಮಗಳು.

ಇನ್ನು ಹೇಳುವುದೇನು ಉಳಿದಿತ್ತು? ಮದುವೆಗೆಂದು ಆರಿಸಿದ ಸೀರೆಗೂ ಬಂಗಾರಕ್ಕೂ ಕುಂಕುಮ ಹಚ್ಚಿ ಎತ್ತಿಡುವುದು ಈ ಸೀಮೆಯ ರೂಢಿ. ಚಿತ್ರಕ್ಕೂ ಹಚ್ಚಿದ್ದಾರೆ, ಮುಗಿಯಿತು.

ಹೊಸಪೇಟೆಯ ತೋಟಪ್ಪ ಸಾಹುಕಾರರ ಜವಳಿ ಅಂಗಡಿಗೆ ಮೈಲಾರಲಿಂಗಪ್ಪ ತಲೆಗೂದಲು ಕಪ್ಪಗಿದ್ದಾಗಿನಿಂದ ಚಿತ್ರ ಬರೆಯುತ್ತಿದ್ದ. ಅದಕ್ಕೂ ಮೊದಲು ನಾಟಕದ ಪರದೆ ಬರೆಯುತ್ತಿದ್ದವನು. ಕಂಪ್ಲಿಯಂಥ ಊರುಗಳ ದೊಡ್ಡ ಮನೆಯ ಹೆಂಗಸರು ಅಂಗಡಿಗೆ ಬರುವವರಲ್ಲ, ದರ್ಜಿಯ ಎದುರು ನಿಲ್ಲುವವರೂ ಅಲ್ಲ. ಸೀರೆ ಹೀಗೆ ಉಟ್ಟರೆ, ರವಿಕೆಯ ತೋಳು ಹೀಗೆ ಹೊಲಿದರೆ ಹೇಗೆ ಕಾಣುತ್ತದೆಂದು ಚಿತ್ರವೇ ಒಳಗೆ ಹೋಗಿ ತೋರಿಸಬೇಕು. ಅಳತೆಯನ್ನು ಅಂಗಡಿಯ ದುರುಗವ್ವ ದಾರಕ್ಕೆ ಗಂಟು ಹಾಕಿ ಹೊರಗೆ ತರಬೇಕು. ಮೈಲಾರಲಿಂಗಪ್ಪ ಬರೆದ ಹೆಂಗಸಿನ ಮೂಗುತಿಯ ಹರಳನ್ನೂ ಎಣಿಸಬಹುದಿತ್ತು. ಅಂಥವನ ಅನ್ನಕ್ಕೆ ಕಲ್ಲು ಹಾಕಲು ಮದ್ರಾಸಿನಿಂದ ಈ ಪಕ್ಕೀರಪ್ಪ ಬಂದ. ಅಲ್ಲಿ ದೊರೆಸಾನಿಯರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಇದ್ದನಂತೆ, ಪ್ಯಾರಿಸ್ಸಿನ ಫ್ಯಾಶನ್ ಪುಸ್ತಕ ನೋಡಿ ಕೈ ತಿದ್ದಿಕೊಂಡನಂತೆ. ಅವನ ಹೆಂಗಸರಿಗೆ ಕಣ್ಣಿಲ್ಲ, ಮೂಗಿಲ್ಲ. ಕುಂಚ ನಾಲ್ಕು ಸಲ ಓಡಿದರೆ ಆಯಿತು. ಆದರೂ ಸೆರಗು ಗಾಳಿಗೆ ಹಾರುತ್ತಿತ್ತು, ಹಾಳಾದ್ದು. ಮೈಲಾರಲಿಂಗಪ್ಪ ಅದನ್ನು ಮೊದಲ ದಿನವೇ ಕಂಡಿದ್ದ. ಅವತ್ತಿನಿಂದ ಅವನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

"ಕಂಪ್ಲಿ ಗೌಡರ ಮನ್ಯಾಗ ಯಾರ ಚಿತ್ರ ಹಿಡಿಸ್ತದೋ, ಮುಂದ ಅಂಗಡಿ ಕೆಲಸ ಅವಂದ. ಇಬ್ಬರನ್ನ ಸಾಕಾಕ ನನ್ನ ಕೈಲಿ ಆಗಂಗಿಲ್ಲ," ಎಂದು ಸಾಹುಕಾರರು ಖಡಾಖಂಡಿತವಾಗಿ ಹೇಳಿದ್ದರು.

ಹೊಸಪೇಟೆಗೆ ಮರಳುವ ಬಂಡಿ ಕಮಲಾಪುರದ ಕೆರೆ ಏರಿಗೆ ಬಂದಾಗ ಮೈಲಾರಲಿಂಗಪ್ಪ, "ನಿಲ್ಸಪಾ, ಮಕ ತೊಳ್ಕೊಂಡು ಬರ್ತೀನಿ," ಎಂದು ಇಳಿದ. ಬೊಟ್ಟು ಇಟ್ಟ ಆ ಚಿತ್ರ ಅಂಗಿಯೊಳಗಿತ್ತು. ನೀರಿನ ಅಂಚಿನಲ್ಲಿ ಕೂತು ಇನ್ನೊಮ್ಮೆ ನೋಡಿದ. ನೋಡಬಾರದಿತ್ತು. ನೋಡಿದ್ದಕ್ಕೆ ಹೊಟ್ಟೆಯ ಕಿಚ್ಚು ಮತ್ತಷ್ಟು ಎದ್ದು, ಹಾಳೆಯನ್ನು ಕಲ್ಲಿಗೆ ಸುತ್ತಿ ಬೀಸಿ ಒಗೆದ. ಮನಸ್ಸು ತಂಪಾಯಿತು ಎಂದರೆ ಸುಳ್ಳಾದೀತು. ನೀರು ಮುಟ್ಟಿದ ಕೈ ಮಾತ್ರ ತಂಪಾಯಿತು.

"ಗಾಳಿಗೆ ಹಾರಿ ಕೆರ್ಯಾಗ ಬಿತ್ರಿ," ಎಂದು ಮರುದಿನ ಅಂಗಡಿಯಲ್ಲಿ ಹೇಳಿದ. ಸಾಹುಕಾರರು ಅವನ ಮುಖವನ್ನೇ ನೋಡಿದರು. ಪಕ್ಕೀರಪ್ಪ ಮೂಲೆಯಲ್ಲಿ ಬಣ್ಣ ಅರೆಯುತ್ತಿದ್ದ.

ಗಂಟಿನ ದಾರಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದುರುಗವ್ವ ಬಂದಳು. ಕೂತು, ನೀರು ಕುಡಿದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡೇ ಸುದ್ದಿ ಬಿಚ್ಚಿದಳು.

"ಲಿಂಗಪ್ಪ, ನಿನ್ನ ಹಸರ ಸೀರಿ ಚಿತ್ರನ ಗಟ್ಟಿ ಆತು ನೋಡಪಾ."

"ನಂದಾ?" ಮೈಲಾರಲಿಂಗಪ್ಪ ಎದ್ದು ಹತ್ತಿರ ಬಂದ. "ಮತ್ತ ಬೊಟ್ಟು ಇಟ್ಟಿದ್ದು ಇವನ ಚಿತ್ರಕ್ಕಲ್ಲ?"

"ಅಯ್ಯ, ಅದರದೊಂದು ಕತಿ. ಮದುಮಗಳು ಆರಿಸಿದ್ದು ಅದನ್ನ. ಅದ ಬೇಕಂತ ಅತ್ತಳು, ಉಣ್ಣಂಗಿಲ್ಲ ಅಂದಳು. ಅವರಜ್ಜಿ ಕೇಳಬೇಕಲ್ಲ? ಹಣಿ ಬೋಳು ಐತಿ, ಮದುವಿ ಮನಿಗೆ ಇಂಥಾದ್ದು ತರ್ತಾರೇನು ಅಂತ ಬೈದು, ತಾನ ಎದ್ದು ಕುಂಕುಮ ಹಚ್ಚಿದಳು. ನಿಂದು ನೋಡಿ, ಇದರಾಗ ಬೊಟ್ಟು ಐತಿ, ಮೂಗುತಿ ಐತಿ, ಇದ ಇರಲಿ ಅಂದಳು."

ಹಾಳೂರಿಗೆ ಉಳಿದವನೇ ಗೌಡ. ಅಂಗಡಿ ತನ್ನದಾಯಿತು. ಹೊಟ್ಟೆಯಲ್ಲಿದ್ದ ಕಿಚ್ಚು ಆರಬೇಕಾಗಿತ್ತು, ಆರಲಿಲ್ಲ. ಅತ್ತದ್ದು ಯಾವ ಚಿತ್ರಕ್ಕೆ ಎಂಬ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿತು. ತನ್ನ ಚಿತ್ರ ನೋಡಿ ಇಷ್ಟು ವರ್ಷದಲ್ಲಿ ಯಾರೂ ಊಟ ಬಿಟ್ಟಿರಲಿಲ್ಲ.

"ಇನ್ನೊಂದು ಮಾತು," ದುರುಗವ್ವ ದನಿ ತಗ್ಗಿಸಿದಳು. "ಆ ಹುಡುಗಿ ಗುಟ್ಟಾಗಿ ಹೇಳಿ ಕಳಿಸ್ಯಾಳ. ಸೀರಿ ಯಾವದರ ಆಗಲಿ, ಆ ಚಿತ್ರ ಪೆಟಿಗ್ಯಾಗ ಇಟಗೊಂಡು ಗಂಡನ ಮನಿಗೆ ಒಯ್ತಾಳಂತ. ಎಲ್ಲೈತಿ, ಕೊಡ್ರಿ."

ಪಕ್ಕೀರಪ್ಪನೇ ಬಾಯಿಬಿಟ್ಟ.

"ಅದು ಹೋತಬೇ. ಹೋದ್ರ ಹೋಗಲಿ, ಇನ್ನೊಂದು ಬರದು ಕೊಡ್ತೀನಿ."

ಆಗಷ್ಟೇ ಕೆಲಸ ಕಳೆದುಕೊಂಡವನು ನೆಲದ ಮೇಲೆ ಹಾಳೆ ಹಾಸಿಕೊಂಡು ಕೂತ. ಮೈಲಾರಲಿಂಗಪ್ಪ ನೋಡಬಾರದೆಂದು ಸೀರೆಗಳ ಕಡೆ ತಿರುಗಿದ, ಮತ್ತೆ ಇತ್ತಲೇ ತಿರುಗಿದ. ದುರುಗವ್ವನ ಬಾಯೊಳಗಿನ ಎಲೆ ಅಡಿಕೆ ಮುಗಿಯುವುದರೊಳಗೆ ಹೆಗಲು ಬಂತು, ನಡು ಬಂತು, ಸೆರಗು ಎದ್ದಿತು. ಅದೇ ಸೆರಗು, ಕೆರೆಯಿಂದ ಎದ್ದು ಬಂದ ಹಾಗೆ.

"ಬೊಟ್ಟು ಇಡಪಾ. ಆ ಮುದುಕಿ ಕಣ್ಣಿಗೆ ಬಿದ್ದರ ಮತ್ತ ಒದರ್ತಾಳ," ಎಂದಳು ದುರುಗವ್ವ.

ಪಕ್ಕೀರಪ್ಪ ಕುಂಚವನ್ನು ಕೆಂಪಿನಲ್ಲಿ ಅದ್ದಿ, ಮೈಲಾರಲಿಂಗಪ್ಪನ ಕಡೆ ಚಾಚಿದ. "ಅಣ್ಣಾರ, ನೀವ ಇಡ್ರಿ. ನಿಮ್ಮಂಗ ಗುಂಡಗ ಇಡಾಕ ನನಗ ಬರಂಗಿಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೈಲಾರಲಿಂಗಪ್ಪ ಕುಂಚ ಹಿಡಿದು ಹಾಳೆಯ ಮುಂದೆ ಮೊಣಕಾಲೂರಿದ. ಕುಂಚವನ್ನು ಹಾಳೆಗೆ ಮುಟ್ಟಿಸದೆ ಹಾಗೇ ಹಿಡಿದ. ಕೆಂಪು ಬಣ್ಣ ಕುಂಚದ ತುದಿಗೆ ಇಳಿದು ಗುಂಡಗೆ ಕೂಡಿ, ಬೋಳು ಹಣೆಯ ಮೇಲೆ ತೂಗುತ್ತಿತ್ತು.

"ಜಲ್ದಿ ಇಡಪಾ," ಎಂದಳು ದುರುಗವ್ವ. "ನಾನು ಕಂಪ್ಲಿ ಮುಟ್ಟಬೇಕು."